ರೀಡ್‌ಲೈನ್ ಬಿಟ್ಟು ಲಿಬ್‌ಎಡಿಟ್ ಹಿಡಿದದ್ದು

ಸೋರ್ಸ್ ಕೋಡ್ ಕೊಡದೆ ಗ್ರಾಹಕರಿಗೆ ಕಮಾಂಡ್‌ಲೈನ್ ಪ್ರೋಗ್ರಾಂ ಮಾರುವವರು ಟೈಪ್ ಮಾಡುವ ಸಾಲನ್ನು ತಿದ್ದಲು, ಹಳೆಯ ಆದೇಶ ಮರಳಿ ತರಲು ರೀಡ್‌ಲೈನ್, ಲಿಬ್‌ಎಡಿಟ್ ಲೈಬ್ರರಿಗಳಲ್ಲಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಲಿಬ್‌ಎಡಿಟ್. ಎರಡನ್ನೂ ಜೋಡಿಸಿ ನೋಡಿದ ಮೇಲಿನ ಮಾತಿದು.

ಬೆರಳಿಗೆ ಹಿತವಾದದ್ದು ಗ್ನೂ ರೀಡ್‌ಲೈನ್ ಎಂಬುದರಲ್ಲಿ ತಕರಾರಿಲ್ಲ. ಬ್ಯಾಶ್ ಎಂಬ ಕಮಾಂಡ್ ಶೆಲ್ ಬಳಸುವವರಿಗೆಲ್ಲ ಅದರ ಅಭ್ಯಾಸ ಇದ್ದೇ ಇರುತ್ತದೆ. ತೊಡಕಿರುವುದು ಪರವಾನಗಿಯಲ್ಲಿ. ಅದು ಸಡಿಲ ಷರತ್ತಿನ ಎಲ್‌ಜಿಪಿಎಲ್ ಅಲ್ಲ, ಹಂಚುವಾಗ ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ ಅಪ್ಪಟ ಜಿಪಿಎಲ್. ಲಿಂಕ್ ಮಾಡಿ ಹಂಚಿದರೆ ಇಡೀ ಪ್ರೋಗ್ರಾಂ ಅದೇ ಷರತ್ತಿಗೆ ಒಳಪಡಬೇಕೆಂಬುದು ಅದರ ಒಡೆಯರ ನಿಲುವು. 1992ರಲ್ಲಿ ಕ್ಲಿಸ್ಪ್ ಎಂಬ ಲಿಸ್ಪ್ ಭಾಷೆಯ ಪ್ರೋಗ್ರಾಂ ಬರೆಯುತ್ತಿದ್ದ ಬ್ರೂನೊ ಹೈಬ್ಲೆ, ರೀಡ್‌ಲೈನ್ ಇಲ್ಲದೆಯೂ ಅದು ಲಿಂಕ್ ಆಗಲೆಂದು ಅದೇ ಹೆಸರಿನ ಫಂಕ್ಷನ್‌ಗಳಿರುವ ಪೊಳ್ಳು ಲೈಬ್ರರಿಯೊಂದನ್ನು ತಾನೇ ಬರೆದು ಕೊಡುತ್ತೇನೆ ಎಂದರೂ ಗ್ನೂ ಯೋಜನೆಯ ರಿಚರ್ಡ್ ಸ್ಟಾಲ್ಮನ್ ಒಪ್ಪಲಿಲ್ಲ. ಕೊನೆಗೆ ಕ್ಲಿಸ್ಪ್ ಜಿಪಿಎಲ್‌ಗೇ ಬಂತು.

ಲಿಬ್‌ಎಡಿಟ್ ಬಿಎಸ್‌ಡಿ ಬಳಗದ್ದು; ಅದರ ಪರವಾನಗಿ ಸೋರ್ಸ್ ಕೊಡದೆ ಮಾರುವುದಕ್ಕೂ ಬಿಡುತ್ತದೆ. ರೀಡ್‌ಲೈನ್‌ನ ಫಂಕ್ಷನ್ ಹೆಸರುಗಳನ್ನೇ ಒದಗಿಸುತ್ತದೆ, ಒಳಗಿನ ಕೋಡ್ ಮಾತ್ರ ತನ್ನದು. ಹೆಸರು ಎರವಲು ಪಡೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ? ಜಾವಾ ಭಾಷೆಯ, ಫಂಕ್ಷನ್‌ಗಳ ಹೆಸರು ಸಾರುವ ಸುಮಾರು 11,500 ಘೋಷಣಾ ಸಾಲುಗಳನ್ನು ಗೂಗಲ್ ಆಂಡ್ರಾಯ್ಡ್‌ಗೆ ಎತ್ತಿಕೊಂಡದ್ದು ನ್ಯಾಯೋಚಿತ ಬಳಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ 6–2ರ ಬಹುಮತದಿಂದ ಹೇಳಿತು. ಇಂಥ ಹೆಸರುಗಳ ಕಟ್ಟಾದ ಇಂಟರ್‌ಫೇಸ್‌ಗೆ ಕೃತಿಸ್ವಾಮ್ಯ ಇದೆಯೇ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ಜಾಣತನದಿಂದ ಬದಿಗಿಟ್ಟಿತು. ನನ್ನ ಗಾತ್ರದ ವ್ಯಾಪಾರಕ್ಕೆ ಅಷ್ಟು ನೆಮ್ಮದಿ ಸಾಕು.

ಇನ್ನು ಲಿಬ್‌ಎಡಿಟ್‌ನ ಕಾಟ. ಫಂಕ್ಷನ್ ಹೆಸರು ಒಂದೇ ಆದ್ದರಿಂದ ನನ್ನ ಕೋಡ್‌ನಲ್ಲಿ ಏನೂ ಬದಲಿಸದೆ ಕಂಪೈಲ್ ಆಯಿತು. ಆದರೆ ಹಿಂದಿನ ಆದೇಶಗಳ ಇತಿಹಾಸವೆಲ್ಲ ಮಾಯ. ರೀಡ್‌ಲೈನ್ ಅವುಗಳನ್ನು ಸಾದಾ ಪಠ್ಯವಾಗಿ ಬರೆದಿಡುತ್ತದೆ. ಲಿಬ್‌ಎಡಿಟ್‌ಗೆ ಕಡತದ ಮೊದಲ ಸಾಲಿನಲ್ಲಿ ತನ್ನದೇ ಗುರುತು ಬೇಕು, ಇಲ್ಲದಿದ್ದರೆ ಓದುವುದೇ ಇಲ್ಲ. ತಾನು ಬರೆಯುವಾಗಲೂ ಪ್ರತಿ ಖಾಲಿ ಜಾಗವನ್ನು \040 ಮಾಡಿಬಿಡುತ್ತದೆ. ಅದೇ ಕಡತವನ್ನು ಬೇರೆ ಸ್ಕ್ರಿಪ್ಟ್‌ನಿಂದ ಜಾಲಾಡುವ ನನ್ನಂಥವರಿಗೆ ಅದೊಂದು ಕಿರಿಕಿರಿ.

ಕೀಲಿಗಳ ಕಥೆಯೂ ಅಷ್ಟೇ. ಯಾವ ಕೀಲಿ ಏನು ಮಾಡಬೇಕೆಂದು ರೀಡ್‌ಲೈನ್‌ಗೆ ಹೇಳುವ, ಬಳಕೆದಾರರು ವರ್ಷಗಟ್ಟಲೆ ತಿದ್ದಿಕೊಂಡ ಇನ್‌ಪುಟ್‌ಆರ್‌ಸಿ ಕಡತವನ್ನು ಲಿಬ್‌ಎಡಿಟ್ ಕಣ್ಣೆತ್ತಿಯೂ ನೋಡುವುದಿಲ್ಲ. ಎಡಿಟ್‌ಆರ್‌ಸಿ ಎಂಬ ಬೇರೆ ಕಡತ, ಬೇರೆ ವ್ಯಾಕರಣ. ವಿಐ ಎಂಬ ಪಠ್ಯ ಸಂಪಾದಕದ ಶೈಲಿಯ ಕೀಲಿಗಳಿಗೆ ಒಗ್ಗಿದ ಗ್ರಾಹಕರೊಬ್ಬರಿಗೆ ಇದನ್ನು ಫೋನಿನಲ್ಲಿ ವಿವರಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಹೆಸರು ಹೊಂದಿದರೆ ನಡತೆಯೂ ಹೊಂದುತ್ತದೆಂದು ಯಾವ ಕೋರ್ಟೂ ಭರವಸೆ ಕೊಟ್ಟಿಲ್ಲವಷ್ಟೆ.

ಡೆಬಿಯನ್ ಲಿನಕ್ಸ್‌ನವರ ಉಪಾಯ ಸ್ವಾರಸ್ಯದ್ದು: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಮಾಂಡ್‌ಲೈನನ್ನು ಕಟ್ಟುವಾಗ ಲಿಬ್‌ಎಡಿಟ್, ಓಡಿಸುವಾಗ ಕಂಪ್ಯೂಟರಿನಲ್ಲಿ ಸಿಕ್ಕರೆ ರೀಡ್‌ಲೈನ್. ಹೈಬ್ಲೆಗೆ ಸಿಗದ ದಾರಿಯ ಹತ್ತಿರದ ಸಂಬಂಧಿ. ಮಾರುವ ಸರಕಿನಲ್ಲಿ ಹಾಗೆ ಮಾಡುವ ಧೈರ್ಯ ನನಗಿಲ್ಲ.

ಇದೇ ಕೆಲಸದ ಮೂರನೆಯ ಲೈಬ್ರರಿ ಲೈನ್‌ನಾಯ್ಸ್ ಪುಟ್ಟದು, ಬಿಎಸ್‌ಡಿ ಪರವಾನಗಿಯದು. ಹೆಸರುಗಳೇ ಬೇರೆಯಾದ್ದರಿಂದ ಕೋಡ್ ತಿದ್ದಬೇಕು.

ವಕೀಲರನ್ನು ಒಮ್ಮೆ ಕಾಣುವ ಖರ್ಚಿಗೆ ನನ್ನ ಒಂದು ಪ್ರತಿಯ ಲಾಭ ಸಾಲದು. ಇತಿಹಾಸದ ಕಡತ ಪರಿವರ್ತಿಸುವ ಪುಟ್ಟ ಸ್ಕ್ರಿಪ್ಟನ್ನು ಈಗ ಪ್ರೋಗ್ರಾಂ ಜೊತೆಗೇ ಕಳಿಸುತ್ತೇನೆ. ಮಾರದೆ ನಾನೇ ಬಳಸುವುದಕ್ಕೆ ಇವತ್ತಿಗೂ ರೀಡ್‌ಲೈನೇ. ಹಂಚದಿದ್ದರೆ ಜಿಪಿಎಲ್ ಏನನ್ನೂ ಕೇಳುವುದಿಲ್ಲ.