ಗಡ್ಡದ ಮೀನಿನ ಜಾಡು ಹಿಡಿಯಲು ಒಳ್ಳೆಯ ಕ್ಯಾಟಲಾಗ್

ಮೀನುಗಳ ವೈಜ್ಞಾನಿಕ ಹೆಸರಿನ ಹಿಂದೆ ಬಿದ್ದವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಎಶ್ಮೇಯರ್ಸ್ ಕ್ಯಾಟಲಾಗ್ ಆಫ್ ಫಿಶಸ್, ಅಂದರೆ ಮೀನುಗಳ ವೈಜ್ಞಾನಿಕ ಹೆಸರುಗಳ ಆನ್‌ಲೈನ್ ಪಟ್ಟಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಇದನ್ನು ನಡೆಸುತ್ತದೆ. ದುಡ್ಡು ಕೊಡಬೇಕಿಲ್ಲ. ಫೋಟೋ ಇರುವುದಿಲ್ಲ, ಬರೀ ಅಕ್ಷರ. ಮೀನು ಹೇಗಿದೆ ಅಂತ ನೋಡಬೇಕಿದ್ದರೆ ಫಿಶ್‌ಬೇಸ್‌ಗೆ ಹೋಗಿ, ಅದೂ ಉಚಿತ.

ನಾನು ಮೊದಲು ಹುಡುಕಿದ್ದು ನಮ್ಮ ಬಂಗುಡೆಯನ್ನು. ಅದರ ವೈಜ್ಞಾನಿಕ ಹೆಸರಿನಲ್ಲಿರುವ ಕನಗುರ್ತ ತೆಲುಗಿನ ಮಾತು, ಹೆಸರಿಗೆ ಆಧಾರವಾದ ಮೀನಿನ ಊರು ವಿಶಾಖಪಟ್ಟಣ, ಹೆಸರಿಟ್ಟವರು ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೆ. ಒಂದು ಹೆಸರಿನ ಹಿಂದೆ ಇಷ್ಟೆಲ್ಲಾ ಇದೆ ಅಂತ ಆವತ್ತೇ ಗೊತ್ತಾಗಿದ್ದು.

ಆದರೆ ಇದರ ನಿಜವಾದ ಬೆಲೆ ತಿಳಿದದ್ದು ಅಂಟಾರ್ಕ್ಟಿಕಾದ ಮೀನುಗಳ ವಿಷಯಕ್ಕೆ ಬಂದಾಗ. ಅಲ್ಲಿ ಪೊಗೊನೊಫ್ರೈನ್ ಅನ್ನುವ ಒಂದು ಗುಂಪು ಇದೆ. ಗ್ರೀಕಿನಲ್ಲಿ ಗಡ್ಡದ ಕಪ್ಪೆ ಅಂತ ಅರ್ಥ. ದೊಡ್ಡ ತಲೆ, ಅಗಲ ಬಾಯಿ, ಗದ್ದದಿಂದ ಇಳಿಬಿದ್ದ ಒಂದೇ ಒಂದು ಮೀಸೆ. ಈ ಮೀಸೆಯ ಉದ್ದ, ಅದರ ತುದಿಯ ಆಕಾರ, ಮೈಮೇಲಿನ ಮಚ್ಚೆ, ಇಂಥವನ್ನು ನೋಡಿ ನೋಡಿ ವಿಜ್ಞಾನಿಗಳು 20ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟರು, ಎಷ್ಟೋ ಸಲ ಕೈಗೆ ಸಿಕ್ಕ ನಾಲ್ಕಾರು ಮೀನುಗಳನ್ನು ಮಾತ್ರ ಮುಂದಿಟ್ಟುಕೊಂಡು. ಆಮೇಲೆ ಈ ಮೀನುಗಳ ಡಿಎನ್‌ಎಯನ್ನು ಹೋಲಿಸಿದ ಅಧ್ಯಯನವೊಂದು 2022ರಲ್ಲಿ ಬಂತು. ಅದರ ಲೆಕ್ಕದಲ್ಲಿ ಬೇರೆ ಬೇರೆ ಅಂತ ನಿಲ್ಲುವವು ಐದೇ! ಒಂದೇ ಪ್ರಭೇದದ ಮೀನುಗಳಲ್ಲೇ ಮೀಸೆ ಅಷ್ಟು ಬದಲಾಗುತ್ತದೆ.

ಹಾಗಾದರೆ ಉಳಿದ ಹೆಸರುಗಳ ಗತಿ ಏನು? ಎರಡು ಪ್ರಭೇದ ಒಂದೇ ಅಂತ ಆದರೆ ಸಾಮಾನ್ಯವಾಗಿ ಹಳೆಯ ಹೆಸರು ಉಳಿಯುತ್ತದೆ. ಅದಕ್ಕೆ ಯಾವ ಹೆಸರು ಯಾವ ವರ್ಷದ್ದು, ಯಾರು ಇಟ್ಟದ್ದು, ಹೆಸರಿಡುವಾಗ ಮುಂದಿಟ್ಟುಕೊಂಡ ಆ ಮೊದಲ ಮೀನು ಈಗ ಯಾವ ಮ್ಯೂಸಿಯಂನ ಬಾಟಲಿಯಲ್ಲಿದೆ ಅಂತ ಗೊತ್ತಿರಬೇಕು, ಅಲ್ವಾ? ಕ್ಯಾಟಲಾಗ್ ಇದನ್ನೇ ಕೊಡುತ್ತದೆ. ಪೊಗೊನೊಫ್ರೈನ್ ಸ್ಕಾಟಿ ಅಂತ ಹಾಕಿದರೆ ರೇಗನ್, 1914 ಅಂತ ಬರುತ್ತದೆ, ಅಂದರೆ ರೇಗನ್ ಅನ್ನುವವರು 1914ರಲ್ಲಿ ಇಟ್ಟ ಹೆಸರು. ದಕ್ಷಿಣ ಧ್ರುವಕ್ಕೆ ಹೋದ ಕ್ಯಾಪ್ಟನ್ ಸ್ಕಾಟ್ ಹೆಸರು ಅದು, ಮೀನು ಸಿಕ್ಕಿದ್ದೂ ಅವರ ಟೆರಾ ನೋವಾ ಯಾತ್ರೆಯಲ್ಲೇ. ಒಬ್ಬರು ಸರಿ ಅಂದದ್ದು, ಇನ್ನೊಬ್ಬರು ಬೇರೆ ಹೆಸರಿಗೆ ಸೇರಿಸಿದ್ದು, ಎಲ್ಲವೂ ಸಾಲಾಗಿ ಇರುತ್ತದೆ. ಹಳೆಯ ಹೆಸರನ್ನು ಅಳಿಸಿ ಹಾಕುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ. ಯಾಕೆಂದರೆ ಫಾರ್ಮಾಲಿನ್‌ನಲ್ಲಿ ಇಟ್ಟ ಹಳೆಯ ಮೀನಿನಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ಅಂಥ ಕಡೆ ಮತ್ತೆ ಮೂಳೆ, ರೆಕ್ಕೆ, ಮೀಸೆಯನ್ನೇ ನೋಡಬೇಕು. ಸುಮ್ನೆ ಹೊಸ ಪಟ್ಟಿ ಮಾತ್ರ ಇಟ್ಟಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು.

ಎಲ್ಲಾ ಕಡೆ ಹೀಗೆ ರೂಪಕ್ಕೂ ಡಿಎನ್‌ಎಗೂ ಜಗಳ ಇಲ್ಲ. ಬಿಳಿ ರಕ್ತದ ಐಸ್‌ಫಿಶ್‌ಗಳನ್ನು ನೋಡಿ. ಹಿಮೋಗ್ಲೋಬಿನ್ ಇಲ್ಲದ ರಕ್ತ ಕಣ್ಣಿಗೇ ಕಾಣುತ್ತದೆ, ಅವೆಲ್ಲ ಒಂದೇ ಮನೆತನದವು ಅಂತ ಜೀನ್‌ಗಳೂ ಹೇಳುತ್ತವೆ.

ಹೊಸಬರಿಗೆ ಒಂದು ಮಾತು. ಪುಟದಲ್ಲಿ ಮ್ಯೂಸಿಯಂಗಳ ಹೆಸರು ಚಿಕ್ಕ ಅಕ್ಷರಗುಚ್ಛಗಳಲ್ಲಿ ಇರುತ್ತದೆ, ಬಿಎಂಎನ್‌ಎಚ್ ಅಂದರೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಮೊದಲ ದಿನ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರು, ವರ್ಷ, ಕೊನೆಯಲ್ಲಿರುವ ಈಗಿನ ಸ್ಥಿತಿ, ಈ ಮೂರನ್ನೇ ಓದಿ.