ಸ್ಟ್ರಿಪ್ಪೋ, ತುಂಡೋ, ಬಾಟಲಿಯೋ, ಪಾರ್ಸೆಲ್ಲೋ? ಮುಂಬೈ ಮಳೆಗಾಲದಲ್ಲಿ ಮಾತ್ರೆ ಕೊಳ್ಳುವ ಲೆಕ್ಕ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಇಬ್ಬರು ಹಿರಿಯರಿರುವ ಮನೆಗೆ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳೂ ತಿಂಗಳ ರೇಷನ್ನಿನ ಹಾಗೆಯೇ. ಅವನ್ನು ನಾಲ್ಕು ಬಗೆಯಲ್ಲಿ ಕೊಂಡು ಹೋಲಿಸಿದ ಮೇಲೆ ತಿಳಿದದ್ದು: ಕಸ ಹೆಚ್ಚಾದಲ್ಲೆಲ್ಲ ದುಡ್ಡು ದಂಡವಲ್ಲ, ಕಸ ಕಡಿಮೆಯಾದಲ್ಲೆಲ್ಲ ಉಳಿತಾಯವೂ ಅಲ್ಲ.

ಮೊದಲು ಇಡೀ ಸ್ಟ್ರಿಪ್. ಶುಗರ್‌ಗೆ ದಿನಕ್ಕೆರಡು ಮೆಟ್‌ಫಾರ್ಮಿನ್ ಮಾತ್ರೆ ಅಂದರೆ ತಿಂಗಳಿಗೆ 60. ಹತ್ತರದ್ದಾದರೆ 6 ಸ್ಟ್ರಿಪ್, ಹದಿನೈದರದ್ದಾದರೆ 4. ಆದರೆ ಎಣಿಕೆಗಿಂತ ಹಾಳೆಯ ಜಾತಿ ಮುಖ್ಯ. ಪಾರದರ್ಶಕ ಪಿವಿಸಿ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಮಾತ್ರೆಯ ಅಳತೆಗೆ ಸರಿಯಾಗಿ ಗುಳಿ ತೆಗೆಯುತ್ತಾರೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ‘ಅಲು-ಅಲು’ ಹಾಗಲ್ಲ. ನೈಲಾನ್, ಅಲ್ಯೂಮಿನಿಯಂ, ಪಿವಿಸಿ ಮೂರನ್ನೂ ಅಂಟಿಸಿದ ಆ ಹಾಳೆಯನ್ನು ಬಿಸಿಯಿಲ್ಲದೆ ಒತ್ತಬೇಕು. ಗುಳಿ ಕಡಿದಾದರೆ ಹಾಳೆ ಹರಿಯುತ್ತದೆ, ಅದಕ್ಕೇ ತಟ್ಟೆಯ ಹಾಗೆ ಅಗಲ. ಮಾತ್ರೆ ಅಷ್ಟೇ, ಸ್ಟ್ರಿಪ್ ಮಾತ್ರ ಅಂಗಿ ಜೇಬಿಗೆ ಹಿಡಿಸದು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್‌ಗೆ ಇಂಥ ತೇವ ತಡೆಯುವ ಹೊದಿಕೆ ಬೇಕು, ತೇವ ತಗುಲಿದರೆ ಕ್ಲಾವುಲನೇಟ್ ಕೆಡುತ್ತದೆ. ತೇವಕ್ಕೆ ಅಷ್ಟಾಗಿ ಜಗ್ಗದ ಪ್ಯಾರಾಸಿಟಮಾಲ್‌ಗೂ ಅದೇ ಹೊದಿಕೆ ಬಂದರೆ, ಅದು ಬರೀ ಡೌಲು.

ಕೆಲವೇ ದಿನ ನುಂಗುವ ಕೋರ್ಸ್ ಔಷಧಿಗೆ ಕತ್ತರಿಸಿದ ತುಂಡೇ ಲಾಭ. ಡಾಕ್ಟರು ಅಜಿತ್ರೊಮೈಸಿನ್ ಆಂಟಿಬಯೋಟಿಕ್ ಮೂರು ದಿನಕ್ಕೆ ಬರೆದಿದ್ದಾರೆ, ಅಂಗಡಿಯಲ್ಲಿರುವುದು ಐದರ ಸ್ಟ್ರಿಪ್. ಇಡೀ ಕೊಂಡರೆ ಉಳಿದೆರಡು ಮಾತ್ರೆ ಮನೆಯ ಡಬ್ಬಿಗೆ ಸೇರಿ, ಮುಂದಿನ ಸಲ ಕೆಮ್ಮು ಬಂದಾಗ ಯಾರೋ ತಾವೇ ಡಾಕ್ಟರಾಗುತ್ತಾರೆ. ಕೆಮಿಸ್ಟ್ ಕತ್ತರಿಸಲು ಗೊಣಗುವುದಕ್ಕೂ ಕಾರಣವಿದೆ: ತುಂಡು ಸ್ಟ್ರಿಪ್ಪನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಬ್ಯಾಚ್ ನಂಬರು, ಎಕ್ಸ್‌ಪೈರಿ ಸಾಮಾನ್ಯವಾಗಿ ಒಂದೇ ಅಂಚಿನಲ್ಲಿರುತ್ತವೆ. ಅಂಗಡಿಯವರು ಆ ಅಂಚನ್ನು ತಮಗೆ ಇಟ್ಟುಕೊಳ್ಳುವುದರಿಂದ ನಮ್ಮ ಕೈಗೆ ಬೋಳು ತುಂಡು. ಕತ್ತರಿ ಹಾಕುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಬಿಲ್ಲೂ ಕೇಳಿ. ಕತ್ತರಿ ಗುಳಿಯ ಅಂಚಿಗೆ ತಾಗಿದರೆ ಅಂಟು ಬಿಡುತ್ತದೆ, ಜುಲೈ ಗಾಳಿಗೆ ಮಾತ್ರೆ ಮೆತ್ತಗಾಗುತ್ತದೆ. ಎರಡು ಗುಳಿಗಳ ನಟ್ಟನಡುವೆ ಕತ್ತರಿಸಲು ಹೇಳಿ.

ಥೈರಾಯ್ಡಿನ ಥೈರಾಕ್ಸಿನ್, 100 ಮಾತ್ರೆಯ ಬಾಟಲಿ ನೋಡಲು ಎಲ್ಲಕ್ಕಿಂತ ಸಾಚಾ: ಒಂದು ಡಬ್ಬಿ, ಒಂದು ಮುಚ್ಚಳ. ಮೋಸ ಬೇರೆ ಕಡೆ ಇದೆ. ಹೊಸದಾಗಿ ಶುರು ಮಾಡಿದವರಿಗೆ ಆರು ವಾರಕ್ಕೆ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡಿನ ಮಟ್ಟ ತಿಳಿಸುವ ಹಾರ್ಮೋನು) ನೋಡಿ ಡೋಸ್ ಬದಲಿಸುವುದು ಮಾಮೂಲು. 42 ನುಂಗಿದ್ದಾಯಿತು, 58 ಉಳಿಯಿತು. ಡೋಸ್ ಒಂದೇ ಅಳತೆಗೆ ನಿಂತ ಮೇಲೆ ಬಾಟಲಿ ಕೊಳ್ಳಿ. ಒಳಗೆ ಹತ್ತಿಯಿದ್ದರೆ ಮೊದಲ ದಿನವೇ ತೆಗೆಯಿರಿ, ಅದು ತೇವ ಎಳೆಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಮಾತ್ರ ಒಳಗೇ ಇರಲಿ. ಬಚ್ಚಲ ಕಪಾಟು, ಗ್ಯಾಸ್ ಒಲೆಯ ಮೇಲಿನ ಶೆಲ್ಫು ಎರಡೂ ಬೇಡ.

ಆನ್‌ಲೈನ್ ಪಾರ್ಸೆಲ್‌ನಲ್ಲಿ ರಿಯಾಯಿತಿ ನಿಜ. ಐದು ಸ್ಟ್ರಿಪ್ಪಿಗೆ ರಟ್ಟಿನ ಪೆಟ್ಟಿಗೆ, ಗುಳ್ಳೆ ಪ್ಲಾಸ್ಟಿಕ್ಕು, ಮೇಲೊಂದು ಕೊರಿಯರ್ ಚೀಲ. ಡೆಲಿವರಿ ಫ್ರೀ ಆಗಲೆಂದು ಬುಟ್ಟಿಗೆ ಸೇರಿಸುವ ಕ್ಯಾಲ್ಸಿಯಂ ಸ್ಟ್ರಿಪ್ಪೇ ರಿಯಾಯಿತಿಯನ್ನು ನುಂಗುತ್ತದೆ.

ಏಳು ದಿನದ ಮಾತ್ರೆ ಡಬ್ಬಿಯಿಂದ ಮರೆವು ತಪ್ಪುತ್ತದೆ. ಮಳೆಗಾಲದಲ್ಲಿ ಒಂದು ವಾರಕ್ಕಿಂತ ಹೆಚ್ಚು ಬಿಡಿಸಿಡಬೇಡಿ. ರಕ್ತ ತೆಳುವಾಗಿಸುವ ಡಬಿಗಾಟ್ರಾನ್ ಅಂತೂ ಅದರ ಮೂಲ ಪ್ಯಾಕಿನಲ್ಲೇ ಇರಬೇಕು.

ಖಾಲಿಯಾದ ಮೇಲಿನ ಕಥೆ: ಭಂಗಾರ್‌ವಾಲ, ಅಂದರೆ ಗುಜರಿಯವ, ರಟ್ಟು, ಪ್ಲಾಸ್ಟಿಕ್ ಬಾಟಲಿ ಒಯ್ಯುತ್ತಾನೆ, ಸ್ಟ್ರಿಪ್ ಮುಟ್ಟುವುದಿಲ್ಲ. ಪಿವಿಸಿಯೂ ಅಲ್ಯೂಮಿನಿಯಮ್ಮೂ ಅಂಟಿಕೊಂಡದ್ದನ್ನು ಬಿಡಿಸುವ ಖರ್ಚು ಅವನಿಗೆ ಗಿಟ್ಟದು. ಸುಡುವುದಂತೂ ಬೇಡ, ಪಿವಿಸಿ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ.

ನಮ್ಮ ಆಯ್ಕೆ: ದಿನದ ಮಾತ್ರೆಗೆ ಹತ್ತಿರದ ಕೆಮಿಸ್ಟ್ ಬಳಿ ಹದಿನೈದರ ಸ್ಟ್ರಿಪ್, ಕೋರ್ಸಿಗೆ ತುಂಡು. ಇನ್ನೊಂದು ಮಾತು, ಇಂಗ್ಲಿಷ್ ಬಾರದ ಅಜ್ಜಿಗೆ ಮಾತ್ರೆಯ ಗುರುತು ಸ್ಟ್ರಿಪ್ಪಿನ ಬಣ್ಣ. ಕಂಪನಿ ಬದಲಾದರೆ ಬಣ್ಣವೂ ಬದಲು. ಸ್ಟ್ರಿಪ್ಪಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ‘ಬಿಪಿ, ಬೆಳಿಗ್ಗೆ’ ಎಂದು ಕನ್ನಡದಲ್ಲಿ ದಪ್ಪಗೆ ಬರೆಯಿರಿ, ಎಕ್ಸ್‌ಪೈರಿ ಅಳಿಸದ ಹಾಗೆ.