ಹಗಲಿಗೆ ಕೆಲಸ, ರಾತ್ರಿಗೆ ಆಟ: ಒಂದೇ ಮೇಜಿಗೆ ಒಪ್ಪುವ ಕೀಬೋರ್ಡ್ ಮತ್ತು ಮೌಸ್

ಹಗಲು ಹೊತ್ತು ಕನ್ನಡದ ಅನುವಾದ, ಲೆಕ್ಕದ ಹಾಳೆಗಳು, ನಡುನಡುವೆ ವಿಡಿಯೊ ಮೀಟಿಂಗ್; ರಾತ್ರಿ ಊಟವಾದ ಮೇಲೆ ಗೆಳೆಯರೊಂದಿಗೆ ವ್ಯಾಲರಂಟ್ ಅಥವಾ ಕೌಂಟರ್-ಸ್ಟ್ರೈಕ್ 2 ಎಂಬ ಗುರಿಯಿಟ್ಟು ಗುಂಡು ಹಾರಿಸುವ ಆಟ. ನನ್ನ ಮೇಜಿನ ಕೀಬೋರ್ಡ್ ಮತ್ತು ಮೌಸ್ ನಿಭಾಯಿಸಬೇಕಾದ ಕೆಲಸ ಇಷ್ಟು. ಹಳೆಯ ಜೋಡಿ ಈಚೆಗೆ ಎರಡು ಕಡೆಯೂ ಕೈಕೊಡತೊಡಗಿತ್ತು. ಮೌಸಿನ ಎಡಗುಂಡಿಯನ್ನು ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುತ್ತಿತ್ತು. ಕೀಬೋರ್ಡಿನಲ್ಲಿ ಎರಡು ಕೀಲಿ ಹಿಡಿದು ಓರೆಯಾಗಿ ಓಡುತ್ತಲೇ ಜಿಗಿಯಲು ಹೋದರೆ ಮೂರನೆಯ ಕೀಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬದಲಿಯನ್ನು ಕೊಳ್ಳುವ ಮೊದಲು ಗೆಳೆಯರಿಂದ ಎರವಲು ತಂದವನ್ನು ಮನೆಯಲ್ಲಿ ಬಳಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಇನ್ನಷ್ಟನ್ನು ಒತ್ತಿ ನೋಡಿ, ಕೊನೆಗೆ ಮೂರು ಕೀಬೋರ್ಡ್ ಮತ್ತು ಮೂರು ಮೌಸ್‌ಗಳನ್ನು ಗಂಭೀರವಾಗಿ ತೂಗಿ ನೋಡಿದೆ. ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುವುದಾದರೆ, ಇಂತಹ ಮೇಜಿಗೆ ಕೀಬೋರ್ಡನ್ನು ಕೆಲಸ ನೋಡಿ ಆರಿಸಬೇಕು, ಮೌಸನ್ನು ಆಟ ನೋಡಿ ಆರಿಸಬೇಕು. ಎರಡನ್ನೂ 'ಗೇಮಿಂಗ್' ಎಂಬ ಒಂದೇ ಹಣೆಪಟ್ಟಿಯಡಿ ಕೊಂಡರೆ ಹಗಲಿನ ಎಂಟು ಗಂಟೆ ಕಿರಿಕಿರಿಯಲ್ಲಿ ಕಳೆಯುತ್ತದೆ.

ಕೀಬೋರ್ಡಿನ ವಿಷಯದಲ್ಲಿ ಕನ್ನಡ ಟೈಪ್ ಮಾಡುವವರು ಮೊದಲು ನೋಡಬೇಕಾದದ್ದು ಬಣ್ಣದ ದೀಪಗಳನ್ನಲ್ಲ, ಶಿಫ್ಟ್ ಕೀಲಿಯ ಉದ್ದವನ್ನು. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಮಹಾಪ್ರಾಣ, ದೀರ್ಘ ಮತ್ತು ಅನುಸ್ವಾರಗಳೆಲ್ಲ ಶಿಫ್ಟ್ ಹಿಡಿದೇ ಬರಬೇಕು. 'ಶಾಂತಿ' ಎಂದು ಬರೆಯಲು ಒತ್ತುವ ಐದು ಕೀಲಿಗಳಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಅವುಗಳಲ್ಲಿ ಶಕಾರ ಮತ್ತು ದೀರ್ಘ ಎರಡೂ ಎಡಗೈಯ ಕೀಲಿಗಳಾದ್ದರಿಂದ ಬಲಗಡೆಯ ಶಿಫ್ಟ್ ಮೇಲೆ ಕಿರುಬೆರಳು ಹೋಗುತ್ತಲೇ ಇರುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೂ ಮಹಾಪ್ರಾಣಕ್ಕೆ ಶಿಫ್ಟ್ ತಪ್ಪಿದ್ದಲ್ಲ. ಈಗ ಜನಪ್ರಿಯವಾಗಿರುವ ಪುಟ್ಟ ಕೀಬೋರ್ಡ್‌ಗಳಲ್ಲಿ ಬಾಣದ ಕೀಲಿಗಳಿಗೆ ಜಾಗ ಮಾಡಲೆಂದು ಈ ಬಲಗಡೆಯ ಶಿಫ್ಟನ್ನೇ ಮೊಟಕುಗೊಳಿಸಿರುತ್ತಾರೆ. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಅದು ದಿನಕ್ಕೊಮ್ಮೆ ಕಾಡುವ ತೊಂದರೆಯಾದರೆ ನಮಗೆ ಸಾಲಿಗೊಮ್ಮೆ ಕಾಡುತ್ತದೆ. ಈ ಕಾರಣಕ್ಕೆ ಕೀಕ್ರಾನ್ ಕೆ2 ನೋಡಲು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ಪಕ್ಕಕ್ಕಿಟ್ಟು, ಪೂರ್ತಿ ಉದ್ದದ ಶಿಫ್ಟ್ ಇರುವ ಕೆ8 ಅನ್ನು ಹೋಲಿಕೆಗೆ ತೆಗೆದುಕೊಂಡೆ.

ಅದರ ಎದುರಿಗೆ ಇದ್ದವು ಟಿವಿಎಸ್ ಗೋಲ್ಡ್ ಭಾರತ್ ಮತ್ತು ರೆಡ್‌ಡ್ರ್ಯಾಗನ್ ಕುಮಾರ. ಟಿವಿಎಸ್ ಗೋಲ್ಡ್ ಅನ್ನು ನಮ್ಮ ಓದುಗರಿಗೆ ಪರಿಚಯಿಸುವ ಅಗತ್ಯವಿಲ್ಲ. ಡಿಟಿಪಿ ಅಂಗಡಿಗಳಲ್ಲಿ, ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಟಕಟಕ ಸದ್ದು ಮಾಡುತ್ತ ಕೂತಿರುವ ಕೀಬೋರ್ಡ್ ಅದೇ. ರೂಪಾಯಿಯ ಚಿಹ್ನೆಯನ್ನು ಕೀಲಿಯ ಮೇಲೇ ಅಚ್ಚು ಹಾಕಿಕೊಂಡು ಬರುವ, 104 ಕೀಲಿಗಳ ಪೂರ್ಣ ಗಾತ್ರದ ಸಾಧನ. ಬರೆಯುವ ಸುಖದಲ್ಲಿ ಅದನ್ನು ಮೀರಿಸಿದ್ದು ನನಗೆ ಈ ಮೂರರಲ್ಲಿ ಸಿಗಲಿಲ್ಲ. ಪ್ರತಿ ಕೀಲಿಯ ಅಡಿಯಲ್ಲೂ ಒತ್ತನ್ನು ದಾಖಲಿಸುವ ಒಂದು ಸ್ವಿಚ್ ಇರುತ್ತದೆ; ಇದರಲ್ಲಿರುವ ನೀಲಿ ಬಗೆಯ ಸ್ವಿಚ್‌ಗಳಲ್ಲಿ ಕೀಲಿ ಅರ್ಧ ಇಳಿದಾಗ ಒಂದು ಸಣ್ಣ ಭಾಗ ಸರಿದು 'ಕ್ಲಿಕ್' ಎನ್ನುತ್ತದೆ. ಅಕ್ಷರ ದಾಖಲಾಯಿತೆಂದು ಕಿವಿಗೂ ಬೆರಳಿಗೂ ಒಟ್ಟಿಗೇ ತಿಳಿಯುವುದರಿಂದ ಒತ್ತಕ್ಷರ ತುಂಬಿದ ವಾಕ್ಯಗಳಲ್ಲೂ ತಪ್ಪು ಕಡಿಮೆಯಾಗುತ್ತದೆ. ಆದರೆ ಅದೇ ಸದ್ದು ಮೀಟಿಂಗಿನಲ್ಲಿ ಮೈಕ್ ಮೂಲಕ ಎಲ್ಲರಿಗೂ ತಲುಪುತ್ತದೆ, ರಾತ್ರಿ ಹನ್ನೊಂದರ ಮೇಲೆ ಗೋಡೆಯಾಚೆ ಮಲಗಿದವರಿಗೂ ತಲುಪುತ್ತದೆ. ಅಪಾರ್ಟ್‌ಮೆಂಟಿನ ಎರಡು ಕೋಣೆಯ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆಟದಲ್ಲಿ ಇನ್ನೊಂದು ತೊಡಕಿದೆ: ಈ ಬಗೆಯ ಸ್ವಿಚ್‌ನಲ್ಲಿ ಕೀಲಿ ದಾಖಲಾಗುವ ಎತ್ತರವೂ ಬಿಡುಗಡೆಯಾಗುವ ಎತ್ತರವೂ ಒಂದೇ ಅಲ್ಲವಾದ್ದರಿಂದ ಅದೇ ಕೀಲಿಯನ್ನು ಬೇಗಬೇಗ ಒತ್ತಿ ಬಿಡುವಾಗ ಬೆರಳನ್ನು ಹೆಚ್ಚು ಮೇಲೆತ್ತಬೇಕಾಗುತ್ತದೆ.

ರೆಡ್‌ಡ್ರ್ಯಾಗನ್ ಕುಮಾರದ ಕೆಂಪು ಸ್ವಿಚ್‌ನ ಮಾದರಿ ಇದಕ್ಕೆ ತದ್ವಿರುದ್ಧ. ಕ್ಲಿಕ್ಕೂ ಇಲ್ಲ, ನಡುವೆ ತಡೆಯೂ ಇಲ್ಲ. ಬೆರಳಿಟ್ಟರೆ ನೇರವಾಗಿ ಇಳಿಯುತ್ತದೆ. ಈ ಬಣ್ಣಗಳ ಪದ್ಧತಿಯನ್ನು ಹುಟ್ಟುಹಾಕಿದ ಜರ್ಮನಿಯ ಚೆರ್ರಿ ಕಂಪನಿಯ ಲೆಕ್ಕದಲ್ಲಿ ಕೆಂಪಿಗೆ 45, ಕಂದಿಗೆ 55, ನೀಲಿಗೆ 60 ಸೆಂಟಿನ್ಯೂಟನ್ ಬಲ ಸಾಕು. ಒಟ್ಟು ಇಳಿತ 4 ಮಿಲಿಮೀಟರ್, ಕೆಂಪು ಮತ್ತು ಕಂದು ದಾಖಲಾಗುವುದು 2 ಮಿಲಿಮೀಟರಿನಲ್ಲಿ. ಬೇರೆ ಕಂಪನಿಗಳ ಸ್ವಿಚ್‌ಗಳು ಇದರ ಆಸುಪಾಸಿನಲ್ಲೇ ಇರುತ್ತವೆ. ಕುಮಾರದ ಬೆಲೆಗೆ ಲೋಹದ ತಟ್ಟೆ, 87 ಕೀಲಿ, ಪೂರ್ತಿ ಶಿಫ್ಟ್ ಎಲ್ಲವೂ ಸಿಗುತ್ತದೆ ಎಂಬುದು ದೊಡ್ಡ ಮಾತೇ. ಆಟಕ್ಕೆ ನನಗೆ ಅದರ ಮೇಲೆ ದೂರಿಲ್ಲ. ಆದರೆ ಗಂಟೆಗಟ್ಟಲೆ ಬರೆಯುವಾಗ, ಶಿಫ್ಟ್‌ಗೆ ಹೊರಟ ಕಿರುಬೆರಳು ದಾರಿಯಲ್ಲಿ ಪಕ್ಕದ ಕೀಲಿಯನ್ನು ಸವರಿದರೂ ಅಕ್ಷರ ಬಿದ್ದುಬಿಡುತ್ತಿತ್ತು. ತಂತಿಯೂ ಕಾಯಂ ಅಂಟಿಕೊಂಡಿರುವುದರಿಂದ ಕಚೇರಿಯ ಲ್ಯಾಪ್‌ಟಾಪ್‌ಗೂ ಮನೆಯ ಕಂಪ್ಯೂಟರಿಗೂ ನಡುವೆ ಅದನ್ನು ಕಿತ್ತು ಹಾಕುತ್ತಿರಬೇಕು.

ಕೆ8 ಕಂದು ಸ್ವಿಚ್‌ನೊಂದಿಗೆ ಈ ಎರಡರ ನಡುವೆ ನಿಲ್ಲುತ್ತದೆ. ಕೀಲಿ ದಾಖಲಾಗುವ ಜಾಗದಲ್ಲಿ ಸಣ್ಣದೊಂದು ಉಬ್ಬು ಬೆರಳಿಗೆ ಸಿಗುತ್ತದೆ, ಸದ್ದು ಮಾತ್ರ ತಳ ಮುಟ್ಟಿದ್ದಷ್ಟೇ. ಬ್ಲೂಟೂತ್‌ನಲ್ಲಿ ಮೂರು ಸಾಧನಗಳನ್ನು ನೆನಪಿಟ್ಟುಕೊಳ್ಳುವುದರಿಂದ ಹಗಲು ಲ್ಯಾಪ್‌ಟಾಪ್‌ಗೆ ತಂತಿಯಿಲ್ಲದೆ, ರಾತ್ರಿ ಆಟಕ್ಕೆ ತಂತಿ ಚುಚ್ಚಿ ಬಳಸಬಹುದು. ದೋಷವೆಂದರೆ ಅದರ ಎತ್ತರ. ಮಣಿಕಟ್ಟಿನ ಕೆಳಗೆ ಮರದ ಪಟ್ಟಿಯಂಥದ್ದೊಂದು ಇಡದಿದ್ದರೆ ಸಂಜೆಯ ವೇಳೆಗೆ ಕೈ ಬಿಗಿಯುತ್ತದೆ, ಆ ಪಟ್ಟಿಯನ್ನು ಬೇರೆಯೇ ಕೊಳ್ಳಬೇಕು. ಕುಮಾರದ ಬೆಲೆಗೆ ಹೋಲಿಸಿದರೆ ಇದು ದುಬಾರಿ ಎನ್ನುವುದರಲ್ಲಿ ಸಂಶಯವಿಲ್ಲ.

ಮೂರನೆಯ ಕೀಲಿ ಕಳೆದುಹೋಗುವ ಸಮಸ್ಯೆ ಈ ಮೂರರಲ್ಲೂ ನನಗೆ ಕಾಣಲಿಲ್ಲ. ಕೀಲಿಗಳನ್ನು ಸಾಲು-ಕಂಬಗಳ ಜಾಲದಲ್ಲಿ ಜೋಡಿಸಿರುವುದರಿಂದ, ಆ ಜಾಲದಲ್ಲಿ ಒಂದು ಆಯತದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯ ಮೂಲೆಯೂ ಒತ್ತಿದಂತೆ ತೋರುತ್ತದೆ. ಕೀಲಿಗಳಡಿ ಬಿಡಿ ಸ್ವಿಚ್‌ಗಳ ಬದಲು ತೆಳು ಹಾಳೆಯಿರುವ ಅಗ್ಗದ ಮೆಂಬ್ರೇನ್ ಕೀಬೋರ್ಡುಗಳು ಈ ಗೊಂದಲ ತಪ್ಪಿಸಲು ಮೂರನೆಯದನ್ನೇ ತಡೆದುಬಿಡುತ್ತವೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಕೀಲಿಗೊಂದರಂತೆ ಇಟ್ಟರೆ ಈ ತಾಪತ್ರಯವೇ ಇರುವುದಿಲ್ಲ.

ಎಚ್ಎಸ್ಆರ್ ಬಡಾವಣೆಯ ಗೆಳೆಯರೊಬ್ಬರ ಮನೆಯಲ್ಲಿ ಆಯಸ್ಕಾಂತದ ಕೀಲಿಗಳಿರುವ ಹಾಲ್ ಎಫೆಕ್ಟ್ ಕೀಬೋರ್ಡನ್ನೂ ಆಡಿ ನೋಡಿದೆ. ಕೀಲಿ ಎಷ್ಟು ಇಳಿದಾಗ ದಾಖಲಾಗಬೇಕೆಂದು 0.1 ಮಿಲಿಮೀಟರಿನಿಂದ ನಾವೇ ನಿಗದಿ ಮಾಡಬಹುದು, ಬೆರಳು ಎತ್ತತೊಡಗಿದ ಕೂಡಲೇ ಬಿಡುಗಡೆಯೂ ಆಗುತ್ತದೆ. ಆಟದಲ್ಲಿ ಗಕ್ಕನೆ ನಿಲ್ಲುವುದು ನಿಜಕ್ಕೂ ಸುಲಭವಾಯಿತು. ಎಡ-ಬಲದಂಥ ಎದುರುಬದಿರು ಕೀಲಿಗಳಲ್ಲಿ ಒಂದನ್ನು ಬಿಡುವ ಮೊದಲೇ ಇನ್ನೊಂದಕ್ಕೆ ತಾನಾಗಿ ಬದಲಿಸಿಕೊಡುವ ಸೌಲಭ್ಯವನ್ನು ಮಾತ್ರ ವಾಲ್ವ್ ಕಂಪನಿ 2024ರ ಆಗಸ್ಟ್‌ನಲ್ಲಿ ತನ್ನ ಅಧಿಕೃತ ಕೌಂಟರ್-ಸ್ಟ್ರೈಕ್ ಸರ್ವರ್‌ಗಳಲ್ಲಿ ನಿಷೇಧಿಸಿತು. ಶ್ರೇಯಾಂಕದ ಪಂದ್ಯಗಳನ್ನೇ ಉಸಿರಾಡುವವರು ಇದನ್ನು ಕೊಳ್ಳಲಿ. ನನ್ನ ಆಟದ ಮಟ್ಟಕ್ಕೆ ಅದು ಹೆಚ್ಚಾಯಿತು.

ಮೌಸ್‌ನಲ್ಲಿ ಲೆಕ್ಕಾಚಾರ ಬೇರೆ. ಲಾಜಿಟೆಕ್ ಎಂಎಕ್ಸ್ ಮಾಸ್ಟರ್ 3ಎಸ್, ಲಾಜಿಟೆಕ್ ಜಿ304, ರೇಜರ್ ಡೆತ್‌ಆಡರ್ ಎಸೆನ್ಷಿಯಲ್ ಈ ಮೂರನ್ನು ಬಳಸಿ ನೋಡಿದಾಗ ಕೆಲಸಕ್ಕೆ ಮೊದಲನೆಯದಕ್ಕೆ ಸಾಟಿಯಿಲ್ಲ ಎಂದು ಒಪ್ಪಲೇಬೇಕು. ಹೆಬ್ಬೆರಳಿನ ಚಕ್ರದಿಂದ ಉದ್ದನೆಯ ಲೆಕ್ಕದ ಹಾಳೆಯನ್ನು ಅಡ್ಡಡ್ಡ ಸರಿಸಬಹುದು, ಮೇಲಿನ ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟರೆ ಸಾವಿರಾರು ಸಾಲು ಜಾರುತ್ತದೆ, ಗುಂಡಿಗಳ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು. ಆದರೆ ಅದರ ತೂಕ 141 ಗ್ರಾಂ, ಮತ್ತು ಅದು ತಾನಿರುವ ಜಾಗವನ್ನು ಕಂಪ್ಯೂಟರಿಗೆ ಹೇಳುವುದು ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. 144 ಹರ್ಟ್ಸ್ ಪರದೆಯಲ್ಲಿ ಸುಮಾರು 7 ಮಿಲಿಸೆಕೆಂಡಿಗೊಂದು ಚಿತ್ರ ಬರುತ್ತದೆ. ಆದ್ದರಿಂದ ಕೆಲವು ಚಿತ್ರಗಳಿಗೆ ಮೌಸಿನಿಂದ ಹೊಸ ಸುದ್ದಿಯೇ ಇರುವುದಿಲ್ಲ, ಗುರಿ ತಡೆತಡೆದು ಸರಿದಂತೆ ಕಾಣುತ್ತದೆ. ಉಳಿದೆರಡು ಸೆಕೆಂಡಿಗೆ 1000 ಸಲ ವರದಿ ಮಾಡುತ್ತವೆ, ಈ ವ್ಯತ್ಯಾಸ ಗುರುತಿಸಲು ಪರಿಣತಿಯೇನೂ ಬೇಕಿಲ್ಲ.

ಡಬ್ಬಿಯ ಮೇಲಿನ ಡಿಪಿಐ ಸಂಖ್ಯೆಯನ್ನು, ಅಂದರೆ ಮೌಸ್ ಒಂದು ಇಂಚು ಸರಿದರೆ ಬಾಣ ಎಷ್ಟು ಚುಕ್ಕಿ ಸರಿಯುತ್ತದೆ ಎಂಬ ಲೆಕ್ಕವನ್ನು, ಮಾತ್ರ ಯಾರೂ ತಲೆಗೆ ಹಚ್ಚಿಕೊಳ್ಳಬೇಡಿ. ಜಿ304ಗೆ 12,000, ಎಸೆನ್ಷಿಯಲ್‌ಗೆ 6,400. 1920 ಚುಕ್ಕಿ ಅಗಲದ ಪರದೆಯಲ್ಲಿ 12,000 ಇಟ್ಟರೆ ಕೈ 4 ಮಿಲಿಮೀಟರ್ ಸರಿದರೆ ಸಾಕು, ಬಾಣ ಈ ತುದಿಯಿಂದ ಆ ತುದಿಗೆ ಹೋಗಿರುತ್ತದೆ. ನಾನು ಆಡುವುದು 800ರಲ್ಲಿ, ವ್ಯಾಲರಂಟ್ ಒಳಗಿನ ಮೌಸ್ ವೇಗದ ಸೆಟ್ಟಿಂಗ್ 0.4ರಲ್ಲಿ; ಪಾತ್ರ ಒಂದು ಪೂರ್ತಿ ಸುತ್ತು ತಿರುಗಬೇಕಾದರೆ ಮೌಸ್ ಸುಮಾರು 41 ಸೆಂಟಿಮೀಟರ್ ಸರಿಯಬೇಕು. ಇಷ್ಟು ಜಾಗ ಬೇಕಾದಾಗ ಕೀಬೋರ್ಡಿನ ಬಲತುದಿಯ ಅಂಕಿಗಳ ಭಾಗ ನುಂಗುವ ಎಂಟು ಸೆಂಟಿಮೀಟರ್ ಕಣ್ಣಿಗೆ ಹೊಡೆಯುತ್ತದೆ. ಟಿವಿಎಸ್ ಗೋಲ್ಡ್ ಅನ್ನು ಕೈಬಿಡಲು ಸದ್ದಿನಷ್ಟೇ ಇದೂ ಕಾರಣ.

ಎಸೆನ್ಷಿಯಲ್ 96 ಗ್ರಾಂ, ಜಿ304 ಬ್ಯಾಟರಿ ಸೇರಿ 99 ಗ್ರಾಂ, ತೂಕದಲ್ಲಿ ತಗಾದೆಯಿಲ್ಲ. ದೊಡ್ಡ ಕೈಯವರಿಗೆ, ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಎಸೆನ್ಷಿಯಲ್‌ನ ಬೆನ್ನು ಹಾಯೆನಿಸುತ್ತದೆ. ನಾನು ಬೆರಳ ತುದಿಯಲ್ಲಿ ಹಿಡಿಯುವವನಾದ್ದರಿಂದ ಜಿ304ರ ಚಿಕ್ಕ ಮೈ ಒಗ್ಗಿತು, ತಂತಿ ಎಳೆದಾಡುವ ಕಾಟವೂ ತಪ್ಪಿತು. ಅದರಲ್ಲಿ ಒಂದು ಡಬಲ್-ಎ ಸೆಲ್ ಹಿಂಭಾಗದಲ್ಲಿ ಕೂರುತ್ತದೆ, ಹೀಗಾಗಿ ಮೌಸ್ ಎತ್ತಿ ಇಡುವಾಗ ಹಿಂದಕ್ಕೆ ವಾಲುತ್ತದೆ. ಲಿಥಿಯಂ ಸೆಲ್ ಹಾಕಿದರೆ ಏಳೆಂಟು ಗ್ರಾಂ ಇಳಿಯುತ್ತದೆ. ಅಕ್ಕಪಕ್ಕದ ಮನೆಗಳ ವೈಫೈಗಳು ಒಂದರ ಮೇಲೊಂದು ಬೀಳುವ ಅಪಾರ್ಟ್‌ಮೆಂಟಿನಲ್ಲಿ ಅದರ ರಿಸೀವರನ್ನು ಕಂಪ್ಯೂಟರಿನ ಹಿಂದಿನ ಯುಎಸ್‌ಬಿ 3.0 ಕಿಂಡಿಗೆ ಚುಚ್ಚಬಾರದು. ಆ ಕಿಂಡಿಯೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಡಬ್ಬಿಯಲ್ಲೇ ಬರುವ ಉದ್ದನೆಯ ತಂತಿಯಿಂದ ರಿಸೀವರನ್ನು ಮೌಸಿನ ಪಕ್ಕಕ್ಕೆ ತಂದುಕೊಂಡರೆ ಬಾಣ ಮುಗ್ಗರಿಸುವುದು ನಿಲ್ಲುತ್ತದೆ.

ಕೊಳ್ಳುವುದಾದರೆ ಎಸ್.ಪಿ. ರಸ್ತೆಗೆ ಮೆಟ್ರೊದಲ್ಲಿ ಹೋಗುವುದು ಮೇಲು, ಚಿಕ್ಕಪೇಟೆ ನಿಲ್ದಾಣದಿಂದ ನಡೆದೇ ತಲುಪಬಹುದು. ಪ್ರದರ್ಶನಕ್ಕಿಟ್ಟ ಕೀಬೋರ್ಡಿನಲ್ಲಿ ಸ್ಪೇಸ್ ಮತ್ತು ಶಿಫ್ಟ್ ಕೀಲಿಗಳನ್ನು ನಡುವಿನಲ್ಲಷ್ಟೇ ಅಲ್ಲ, ತುದಿಗಳಲ್ಲೂ ಒತ್ತಿ ನೋಡಿ; ಗಡಗಡ ಎಂದರೆ ಅದು ಮನೆಗೆ ಬಂದ ಮೇಲೂ ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. "ಸರ್, ವಾರಂಟಿ ಕಂಪನಿಯದ್ದೇ, ನಾವು ಬಿಲ್ ಕೊಡ್ತೀವಿ ಅಷ್ಟೆ" ಎಂದು ಅಂಗಡಿಯವರು ಮೊದಲೇ ಹೇಳಿಬಿಡುತ್ತಾರೆ.

ಕೊನೆಗೆ ನನ್ನ ಮೇಜಿಗೆ ಬಂದದ್ದು ಕಂದು ಸ್ವಿಚ್‌ನ ಕೆ8 ಮತ್ತು ಜಿ304. ಲೆಕ್ಕದ ಹಾಳೆಗಳಿಗೆಂದು ಬೇರೆಯದೊಂದು ಅಂಕಿಫಲಕವನ್ನು ಕೊಂಡು ಎಡಗಡೆ ಇಟ್ಟುಕೊಂಡಿದ್ದೇನೆ; ಬೇಡವಾದಾಗ ಡ್ರಾಯರಿಗೆ ಹೋಗುತ್ತದೆ. ಉಳಿದಿರುವ ಒಂದು ತೊಡಕು ಮೌಸಿನದು. ಜಿ304ಗೆ ಬ್ಲೂಟೂತ್ ಇಲ್ಲದ ಕಾರಣ ಕೀಬೋರ್ಡ್ ಒಂದು ಕೀಲಿಯೊತ್ತಿಗೆ ಲ್ಯಾಪ್‌ಟಾಪ್‌ನಿಂದ ಕಂಪ್ಯೂಟರಿಗೆ ಹಾರಿದರೂ ಮೌಸ್ ಹಿಂದೆಯೇ ಉಳಿಯುತ್ತಿತ್ತು. ಗುಂಡಿ ಒತ್ತಿದರೆ ರಿಸೀವರನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಯುಎಸ್‌ಬಿ ಸ್ವಿಚರ್ ಅದೇ ರಸ್ತೆಯಲ್ಲಿ ಸಿಕ್ಕಿತು, ಈಗ ಎರಡೂ ಒಟ್ಟಿಗೇ ಬದಲಾಗುತ್ತವೆ.